ಬಾವಿಯ ಮೇಲಿನ ಗೂಡು

ಮದುವೆಯಾದ ಹೊಸತರಲ್ಲಿ ನನಗೆ ಕವಿತೆ ಬರೆಯುವ ಹುಚ್ಚು. ಎಪ್ಪತ್ತರ ದಶಕದ ಕೊನೆ ಅದು. ತುರುವೇಕೆರೆ ಹತ್ತಿರದ ನನ್ನ ಗಂಡನ ಮನೆಯ ತೋಟದಲ್ಲಿ ಮಧ್ಯಾಹ್ನವಾದರೆ ತೆಂಗಿನ ಗರಿಗಳ ನೆರಳು ನೆಲದ ಮೇಲೆ ಮೆಲ್ಲಗೆ ಈಜುತ್ತಿತ್ತು. ಎಚ್ಚರವೋ ನಿದ್ದೆಯೋ ತಿಳಿಯದೆ ನಾನು ಬಾವಿಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೆ. ಒಂದು ಕವಿತೆಯಲ್ಲಿ ಹೆಣ್ಣು ಗೀಜಗ ಒಂದೊಂದೇ ಎಳೆ ತಂದು ಗೂಡು ನೇಯುತ್ತಿತ್ತು, ಗಂಡು ಆರಾಮಾಗಿ ಹಾಡುತ್ತಾ ಕೂತಿತ್ತು.

ಆ ಹಾಳೆ ನನ್ನ ಗಂಡನ ಕೈಗೆ ಸಿಕ್ಕಿತು. ಅಂಗಳದಲ್ಲಿ ಅಟ್ಟದಲ್ಲಿ ಒಣಗಿಸಿದ ತೆಂಗಿನಕಾಯಿ ಸುಲಿಯುತ್ತಿದ್ದ ಆಳುಗಳ ಮುಂದೆ ಗಟ್ಟಿಯಾಗಿ ಓದಿ, “ಗೂಡು ಕಟ್ಟೋದು ಗಂಡು ಕಣೇ! ಹೆಣ್ಣು ಬಂದು ನೋಡ್ತದೆ, ಒಪ್ಪಿದ್ರೆ ಸಂಸಾರ, ಇಲ್ದಿದ್ರೆ ಇಲ್ಲ. ತಲೆ ಎತ್ತಿ ನೋಡ್ದೇನೆ ಪದ್ಯ ಬರೀತೀಯಲ್ಲ!” ಎಂದರು. ಎಲ್ಲರೂ ನಕ್ಕರು. ತಪ್ಪು ನನ್ನದೇ, ಆದರೂ ಮೈಯೆಲ್ಲ ಉರಿದುಹೋಯಿತು. ಮರುದಿನವೇ ಕಂದಿಕೆರೆಯ ತವರಿಗೆ ಹೊರಟುಬಿಟ್ಟೆ. ಅವರಾಗಿ ಕರೆಯದೆ ವಾಪಸ್ಸು ಬರುವುದಿಲ್ಲ ಎಂದು ಹಟ ಹಿಡಿದೆ.

ತಿಂಗಳಾದರೂ ಕರೆಯಲಿಲ್ಲ. ಬಂದದ್ದು ಬರೀ ಕಾರ್ಡುಗಳು. ಕಾರ್ಡೆಂದರೆ ಅಂಚೆಯವನಿಂದ ಹಿಡಿದು ಮನೆಮಂದಿಯೆಲ್ಲ ಓದಿದ ಮೇಲೆ ನನ್ನ ಸರದಿ. “ಬಾವಿಯ ಮೇಲಿನ ಗರಿಗೆ ಗೀಜಗ ಗೂಡು ಶುರು ಮಾಡಿದೆ,” ಅಷ್ಟೇ. ಮುಂದಿನ ವಾರ, “ಅರ್ಧ ಆಗಿದೆ. ಹೆಣ್ಣು ಬಂದು ನೋಡಿ ಹಾರಿಹೋಯಿತು.”

“ಅಳಿಯಂದ್ರಿಗೆ ಬ್ಯಾರೆ ಬದುಕಿಲ್ವೇನೇ?” ಎಂದು ಅವ್ವ ನಕ್ಕಳು. ನಾನೂ ನಕ್ಕೆ. ಆದರೆ ಮುದ್ದೆ ತಿರುವುವಾಗ, ನೀರು ಸೇದುವಾಗ, ಆ ಅರೆಗೂಡು ಕಣ್ಣೊಳಗೇ ತೂಗುತ್ತಿತ್ತು. ಕೊನೆಯ ಕಾರ್ಡು ಬಂತು: “ಗಂಡು ಗೂಡು ಬಿಟ್ಟಿಲ್ಲ. ಗಾಳಿಗೆ ಬಿಚ್ಚಿಕೊಂಡ ಕಡೆಯೆಲ್ಲ ಮತ್ತೆ ನೇಯುತ್ತಿದೆ.” ನನ್ನ ಹಟ ಅಲ್ಲಿಗೆ ಮುಗಿಯಿತು. ಬಟ್ಟೆಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆ.

ಮನೆಯೊಳಗೂ ಹೋಗದೆ ನೇರ ಬಾವಿಯ ಹತ್ತಿರ ನಡೆದು ತಲೆ ಎತ್ತಿದೆ. ಒಂದೊಂದೇ ಗರಿ ಹುಡುಕಿದೆ. ಗೂಡಿರಲಿ, ಒಂದು ಎಳೆಯೂ ಇರಲಿಲ್ಲ. ಅಷ್ಟರಲ್ಲಿ ಅವರು ಬಿಂದಿಗೆ ಹಿಡಿದು ಬಂದರು.

“ಗೂಡೆಲ್ರೀ?”

“ಈ ವರ್ಷ ಗೀಜಗ ನಮ್ಮ ತೋಟಕ್ಕೆ ಬರ್ಲೇ ಇಲ್ಲ ಕಣೇ.”

“ಮತ್ತೆ ಕಾರ್ಡು?”

ಅವರು ನೆಲ ನೋಡಿದರು. “ಬಾ ಅಂತ ಬರೆಯೋಕೆ ನಾಚ್ಕೆ ಆಯ್ತು. ನಿಮ್ಮನೇಲಿ ಎಲ್ರೂ ಓದ್ತಾರೆ.”

ನನಗೆ ಅಳು ಬಂತು. ಹೊಟ್ಟೆಕಿಚ್ಚೂ ಆಯಿತು. ನನ್ನ ಒಂದು ಕವಿತೆಯೂ ಯಾರನ್ನೂ ಅಷ್ಟು ದೂರದಿಂದ ಕರೆತಂದಿರಲಿಲ್ಲ.