ಬ್ರೇಕಿಗೆ ಕುಂಕುಮ

ನೋಡಿ ಮಾರಾಯ್ರೆ, ಇವತ್ತು ಕಾಪುವಿನ ನಮ್ಮ ಮನೆಯಂಗಳದಲ್ಲಿ ನಡೆದದ್ದು. ನಮ್ಮವರು ತಮ್ಮ ಬಿಎಂಎಕ್ಸ್ ಸೈಕಲ್ಲಿಗೆ ಹೊಸ ಹ್ಯಾಂಡಲ್, ಹೊಸ ಪೆಡಲ್ ಹಾಕಿ, ಇದ್ದ ಬ್ರೇಕನ್ನೇ ಕಿತ್ತಿಟ್ಟಿದ್ದರು. ಸ್ಟಂಟ್‌ಗೆ ಅಡ್ಡವಂತೆ. ಮಗುವಿಗಿನ್ನೂ ಹಲ್ಲು ಬಂದಿಲ್ಲ, ಅಪ್ಪ ಹಲ್ಲು ಉದುರಿಸಿಕೊಳ್ಳಲು ಹೊರಟಿದ್ದಾರೆ ಎಂದು ನನಗೆ ನಿದ್ದೆಯೇ ಇಲ್ಲ.

ಹೊಸ ಸಾಮಾನಿಗೆ ಪೂಜೆ ಆಗಬೇಕಲ್ಲ? ಅತ್ತೆ ಹ್ಯಾಂಡಲ್ಲಿಗೆ ಶಂಕರಪುರ ಮಲ್ಲಿಗೆ ಸುತ್ತಿ, ಕುಂಕುಮ ಹಿಡಿದು ಕೇಳಿದರು, "ಬ್ರೇಕ್ ಎಲ್ಲಿ ಉಂಟು ಮಗಾ?"

"ಅದು ಬೇಡ ಅಮ್ಮ. ಶೂ ಟಯರಿಗೆ ಒತ್ತಿದ್ರೆ ನಿಲ್ತದೆ. ಕಾಲೇ ಬ್ರೇಕ್."

"ಹಾಗಾದ್ರೆ ಕಾಲು ಕೊಡು" ಎಂದು ಅತ್ತೆ ಬಗ್ಗಿಯೇಬಿಟ್ಟರು.

"ಅಯ್ಯೋ, ನೀನು ನನ್ನ ಕಾಲು ಮುಟ್ಟುವುದಾ!" ಇವರು ಹಾರಿ ಹಿಂದೆ ಸರಿದರು. "ಹಾಕ್ತೇನೆ ಅಮ್ಮ, ಬ್ರೇಕ್ ಹಾಕ್ತೇನೆ!"

ಈಗ ಬ್ರೇಕಿಗೆ ಕುಂಕುಮವಾಗಿದೆ. ಹೆಲ್ಮೆಟ್ ಮಾತ್ರ ಇವರಿಗೆ ಸೆಕೆಯಂತೆ. ಅದಕ್ಕೆ ಯಾವ ಪೂಜೆ ಎಂದು ಯಾರಾದರೂ ಬೇಗ ಹೇಳಿ.