ಎರಡು ಎಡತೋಳಿನ ಕೋಟು

ಬೀದಿಯ ಜನ ಆ ಟೈಲರಮ್ಮನಿಗೆ ನಾಳೆಯಕ್ಕ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬಟ್ಟೆ ಆಯಿತೇ ಎಂದು ಯಾರು ಯಾವಾಗ ಕೇಳಿದರೂ ಅವಳ ಉತ್ತರ ನಾಳೆ ಬನ್ನಿ. ಕೈ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೆಷಿನ್ನಿನ ಪಕ್ಕದಲ್ಲಿ ಸದಾ ಒಂದು ವೈಜ್ಞಾನಿಕ ಕಾದಂಬರಿ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಒಂದು ಗೆರೆ ಹೊಲಿದು ಅರ್ಧ ಪುಟ ಓದುವವಳ ಕೈಯಲ್ಲಿ ಅಂಗಿ ಮುಗಿಯುವುದು ಯಾವಾಗ?

ಸಿಟ್ಟಾಗಿ ಬಂದವರನ್ನು ಸಮಾಧಾನ ಮಾಡಲು ಅವಳದೇ ಒಂದು ಪದ್ಧತಿ ಇತ್ತು. ಬಟ್ಟೆ ಸಿಗುವವರೆಗೆ ಓದಿಕೊಂಡಿರಿ ಎಂದು ಕಪಾಟಿನಿಂದ ಒಂದು ಪುಸ್ತಕ ಕೊಡುತ್ತಿದ್ದಳು. ಅದನ್ನೂ ಆಳಿನ ಅಳತೆ ನೋಡಿಯೇ ಆರಿಸುತ್ತಿದ್ದಳು. ತಾನೇ ಹೊಟ್ಟೆ ಬೆಳೆಸಿಕೊಂಡು, ಪ್ಯಾಂಟು ಬಿಗಿಯಾಯಿತೆಂದು ಅವಳ ಮೇಲೆ ಹಾರಾಡಿದ ಬೇಕರಿಯವನಿಗೆ ಮನುಷ್ಯರ ತೂಕವೆಲ್ಲ ಇಳಿದುಹೋಗುವ ಗ್ರಹದ ಕಥೆ. ಗಂಡನ ಗೊರಕೆಯ ಬಗ್ಗೆ ಗೋಳು ಹೇಳಿಕೊಂಡ ನರ್ಸಮ್ಮನಿಗೆ, ಸದ್ದೇ ಇಲ್ಲದ ಚಂದ್ರನ ಮೇಲೆ ಒಬ್ಬಳೇ ಬದುಕುವ ಹೆಂಗಸಿನ ಕಥೆ. ನರ್ಸಮ್ಮ ಅದನ್ನು ಎರಡು ಸಲ ಓದಿದಳು.

ಆದರೆ ನಾಳೆಯಕ್ಕನ ಜೀವ ಇದ್ದದ್ದು ಕೆಂಪು ಅಸ್ತರಿನ ಬಟ್ಟೆಯಲ್ಲಿ ರಟ್ಟು ಹಾಕಿದ ಒಂದು ದಪ್ಪ ಪುಸ್ತಕದಲ್ಲಿ. ದೂರದ ನಕ್ಷತ್ರಕ್ಕೆ ಹೊರಟ ನೌಕೆಯ ಕಥೆ ಅದು. ಹತ್ತಿದವರು ದಾರಿಯಲ್ಲೇ ಮುದುಕರಾಗಿ ಸಾಯುತ್ತಾರೆ, ಮೊಮ್ಮಕ್ಕಳು ಊರು ಮುಟ್ಟುತ್ತಾರೆ. ಕೊನೆಯ ಅಧ್ಯಾಯದಲ್ಲಿ ಕ್ಯಾಪ್ಟನ್ನಿನ ಮೊಮ್ಮಗಳು ನೌಕೆಯ ಬಾಗಿಲ ಮುಂದೆ ನಿಲ್ಲುತ್ತಾಳೆ. ಆಮೇಲೆ ಏನು ಮಾಡುತ್ತಾಳೆಂದು ನಾನು ಹೇಳುವುದಿಲ್ಲ; ನನ್ನ ಎರಡು ಅಂಗಿ ಇನ್ನೂ ಆ ಅಂಗಡಿಯಲ್ಲಿವೆ. ಆ ಹುಡುಗಿ ಮಾಡಿದ್ದು ಸರಿಯೋ ತಪ್ಪೋ ಎಂದು ಯಾರ ಜೊತೆಗಾದರೂ ಮನಸಾರೆ ಜಗಳವಾಡಬೇಕೆಂಬುದು ನಾಳೆಯಕ್ಕನ ಬಹುಕಾಲದ ಆಸೆ. ಆದರೆ ಆಗಿನ್ನೂ ಕೊನೆ ಮುಟ್ಟಿದವರೇ ಇರಲಿಲ್ಲ. ಅರ್ಧ ಓದುವಷ್ಟರಲ್ಲಿ ಬಟ್ಟೆ ಸಿದ್ಧವಾಗುತ್ತಿತ್ತು, ಪುಸ್ತಕ ವಾಪಸು ಬರುತ್ತಿತ್ತು. ಗುಂಡಿ ಹಾಕಿ ಇಸ್ತ್ರಿ ಮಾಡುವ ಗಂಡನಿಗೋ, ಕಥೆ ಎಂದರೆ ಆಕಳಿಕೆ. ಇನ್ನೂ ನಿಧಾನ ಮಾಡಿದರೆ ಓದುಗರು ಹೆಚ್ಚುತ್ತಾರೆಂದು ಅವಳು, ಗಿರಾಕಿಗಳು ಕಡಿಮೆಯಾಗುತ್ತಾರೆಂದು ಅವನು.

ಹೀಗಿರುವಾಗ ಸ್ಟೇಷನ್ ಮಾಸ್ತರರು ಕೋಟಿನ ಬಟ್ಟೆ ತಂದರು, ತಮ್ಮ ನಿವೃತ್ತಿಯ ಬೀಳ್ಕೊಡುಗೆಗೆ. ಗಡಿಯಾರಕ್ಕೇ ಬುದ್ಧಿ ಹೇಳುವಂಥ ಮನುಷ್ಯ. ದಪ್ಪ ಪುಸ್ತಕ ಮುಂದೆ ಚಾಚಿದರೆ, ತಾವು ಬಂದದ್ದು ಕೋಟಿಗೆ, ಕಥೆಗಲ್ಲ ಎಂದು ಮುಖ ಗಂಟಿಕ್ಕಿದರು. ಆದರೂ ಗಾಡಿ ಗಾಡಿಯ ನಡುವೆ ಬಿಡುವಿರುತ್ತದಲ್ಲ ಎಂದು ಒಯ್ದರು. ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಕೋಟು ಆಗಿರಲಿಲ್ಲ. ನಾಳೆಯಕ್ಕ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದರೆ, ಅವರು ನೌಕೆಯ ಕ್ಯಾಪ್ಟನ್ ಸತ್ತ ಸುದ್ದಿಯನ್ನು ಸ್ವಂತ ಅಣ್ಣ ತೀರಿಕೊಂಡವರ ಹಾಗೆ ಹೇಳಿ, ಕಣ್ಣೊರೆಸಿಕೊಂಡು ಹೋದರು.

ನಾಳೆಯಕ್ಕ ಹಿಗ್ಗಿ ಹೀರೇಕಾಯಿಯಾದಳು. ಕೊನೆಗೂ ಒಬ್ಬರು ಆ ಬಾಗಿಲವರೆಗೆ ಬರುತ್ತಾರೆ. ಅದೇ ಗುಂಗಿನಲ್ಲಿ, ಮನಸ್ಸಿನೊಳಗೇ ಅವರ ಜೊತೆ ವಾದ ಮಾಡುತ್ತ, ಕೋಟಿನ ತೋಳು ಕತ್ತರಿಸಿದಳು. ಒಂದು ತೋಳಾದ ಮೇಲೆ ಇನ್ನೊಂದಕ್ಕೆ ಮಾದರಿಯನ್ನು ಮಗುಚಿ ಇಡಬೇಕು. ಅವಳು ಮಗುಚಲಿಲ್ಲ. ಎರಡೂ ಎಡತೋಳೇ ಆದವು. ಬಟ್ಟೆ ಉಳಿದಿರಲಿಲ್ಲ, ಬೀಳ್ಕೊಡುಗೆ ಮರುದಿನವೇ.

"ಎರಡೂ ಎಡಗೈ ಇರೋರ ಗ್ರಹ ಯಾವುದಾದ್ರೂ ಇದ್ರೆ ಮಾಸ್ತರನ್ನ ಅಲ್ಲಿಗೇ ಕಳಿಸಿಬಿಡು," ಎಂದ ಗಂಡ. ಅವಳಿಗೆ ಕೋಟಿನ ಚಿಂತೆಗಿಂತ, ಸಿಟ್ಟಿನಲ್ಲಿ ಅವರು ಪುಸ್ತಕವನ್ನು ಮುಗಿಸದೆ ಎಸೆದುಬಿಟ್ಟರೆ ಎಂಬ ಭಯವೇ ದೊಡ್ಡದು.

ಸಂಜೆ ಬಂದ ಮಾಸ್ತರರ ಮುಂದೆ ಎರಡೂ ತೋಳು ಹರಡಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಅವರು ತೋಳಿನ ಕಡೆ ನೋಡಲೇ ಇಲ್ಲ.

"ಮುಗೀತಮ್ಮ," ಎಂದು ಪುಸ್ತಕವನ್ನು ಮೇಜಿನ ಮೇಲಿಟ್ಟರು.

ಅವಳು ತೋಳುಗಳನ್ನು ಅತ್ತ ಸರಿಸಿದಳು. "ಹಾಗಾದ್ರೆ ಸಾರ್, ಆ ಹುಡುಗಿ ಮಾಡಿದ್ದು..."

"ಗಾಡಿ ಬರೋ ಹೊತ್ತಾಯ್ತು. ನಾಳೆ ಮಾತಾಡೋಣ."

ಆ ಒಂದು ಮಾತು ಕೇಳಿ ಇಷ್ಟು ವರ್ಷ ಎಷ್ಟು ಜನರ ಹೊಟ್ಟೆ ಎಷ್ಟು ಉರಿದಿರಬಹುದೆಂದು ಅವಳಿಗೆ ಆಗ ತಿಳಿಯಿತು. ಗಂಡ ನಗು ತಡೆಯಲಾರದೆ ಇಸ್ತ್ರಿ ಪೆಟ್ಟಿಗೆಯನ್ನು ಕೆಳಗಿಟ್ಟ. ಕೊನೆಗೆ ಅವನೇ ದಾರಿ ತೋರಿಸಿದ. ತೋಳಿನ ಗೊಡವೆಯೇ ಬೇಡವೆಂದು ಇಬ್ಬರೂ ಕೂತು ಅದನ್ನು ತೋಳಿಲ್ಲದ ಕೋಟು ಮಾಡಿ ಮುಗಿಸಿದರು.

ಮಾಸ್ತರರು ಅದನ್ನೇ ತೊಟ್ಟು ಸಭೆಯಲ್ಲಿ ಮಾತಿಗೆ ನಿಂತರು. ಮೇಲಧಿಕಾರಿಗಳಿಗೆ ಒಂದು ವಾಕ್ಯದ ವಂದನೆ, ಅಷ್ಟೇ. ಆಮೇಲೆ ಶುರುವಾದದ್ದು ನೌಕೆಯ ಕಥೆ. ನೀವೆಲ್ಲ ಇದನ್ನು ಓದಲೇಬೇಕು ಎನ್ನುತ್ತ ಒಂದೊಂದೇ ಅಧ್ಯಾಯ ದಾಟಿದರು. ಜನ ಬಾಯಿಬಿಟ್ಟುಕೊಂಡು ಕೂತರು. ಮೊಮ್ಮಗಳು ಬಾಗಿಲ ಮುಂದೆ ಬಂದು ನಿಂತಳು. ಇನ್ನೇನು, ಕೊನೆಯನ್ನೂ ಹೇಳಿಬಿಡುತ್ತಾರೆ. ಜಗಳಕ್ಕೆಂದು ಪುಸ್ತಕವನ್ನು ಜೊತೆಗೇ ತಂದಿದ್ದ ನಾಳೆಯಕ್ಕ ಹಿಂದಿನ ಸಾಲಿನಲ್ಲಿ ತಟ್ಟನೆ ಎದ್ದು, ಆ ಕೆಂಪು ರಟ್ಟನ್ನು ತಲೆಯ ಮೇಲೆತ್ತಿ ಹಿಡಿದಳು. ಕೆಂಪು ತೋರಿಸಿ ಗಾಡಿ ನಿಲ್ಲಿಸುತ್ತಲೇ ಆಯುಷ್ಯ ಕಳೆದ ಮಾಸ್ತರರು, ಮಾತಿನ ನಡುವೆಯೇ ನಿಂತುಬಿಟ್ಟರು.

"ಮುಂದಿಂದು ಅಲ್ಲಿದೆ," ಎಂದು ಪುಸ್ತಕದ ಕಡೆ ಕೈ ತೋರಿಸಿ ಕೂತರು.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಸಾಲೋ ಸಾಲು. ಹೊಲಿಗೆ ಬಿಡದ ಪ್ಯಾಂಟು, ಗುಂಡಿ ಉದುರದ ಅಂಗಿ ಹಿಡಿದು ಬಂದವರೇ ಎಲ್ಲ. ಗಂಡ ಎಲ್ಲರ ಬಟ್ಟೆಯನ್ನೂ ಎಣಿಸಿ ತೆಗೆದುಕೊಂಡ. ಎಲ್ಲರಿಗಿಂತ ಮುಂದೆ ಮಾಸ್ತರರು, ಕೈಯಲ್ಲೊಂದು ಹಳೇ ಕೋಟು. ಇದಕ್ಕೇನಾಗಿದೆ ಎಂದು ನಾಳೆಯಕ್ಕ ಕೇಳಿದಳು.

"ಇದಕ್ಕೇನೂ ಆಗಿಲ್ಲ. ನನಗಿನ್ನು ಯಾವ ಗಾಡೀನೂ ಇಲ್ಲಮ್ಮ, ಮನೇಲಿ ಹೊತ್ತೇ ಹೋಗ್ತಿಲ್ಲ," ಎಂದರು ಮಾಸ್ತರರು. ಕೋಟನ್ನು ಮೇಜಿನ ಮೇಲಿಟ್ಟು, "ಆ ಹುಡುಗಿ ಮಾಡಿದ್ದು ತಪ್ಪು," ಎಂದರು.

ನಾಳೆಯಕ್ಕ ಸಾಲಿನಲ್ಲಿದ್ದವರಿಗೆಲ್ಲ ನಾಳೆ ಬನ್ನಿ ಎಂದು ಹೇಳಿ ಕಳಿಸಿ, ಮೆಷಿನ್ನಿಗೆ ಮುಸುಕು ಹಾಕಿ, ಅವರೆದುರು ಸ್ಟೂಲು ಎಳೆದುಕೊಂಡು ಕೂತಳು.

"ಅದು ಹೇಗೆ ತಪ್ಪಾಗುತ್ತೆ ಸಾರ್?" ಎಂದಳು.