ಖಂಡೇನವಮಿಗೆ ಕೂತ ರೌಟರು

ನಾನು ನೆಟ್‌ವರ್ಕಿಂಗ್ ಪರೀಕ್ಷೆಗೆ ಓದುತ್ತಿದ್ದ ವರ್ಷವೇ ಅತ್ತೆ ಧಾರವಾಡದಿಂದ ವಿಮಾನ ಹತ್ತಿ ಕ್ವೀನ್ಸ್‌ಬರಿಯ ನಮ್ಮ ಫ್ಲ್ಯಾಟಿಗೆ ಬಂದರು. ಊಟದ ಟೇಬಲ್ಲನ್ನು ಅಭ್ಯಾಸಕ್ಕೆ ತಂದ ನನ್ನ ಹಳೆಯ ರೌಟರು ಹಿಡಿದು ಕೂತಿತ್ತು. ಕಂಪ್ಯೂಟರುಗಳಿಗೆ ದಾರಿ ತೋರಿಸುವ ಪೆಟ್ಟಿಗೆ ಅದು ಅಂತ ಅತ್ತೆಗೆ ತಿಳಿಸಿ ಹೇಳಿದ್ದೆ. ಅದರ ಫ್ಯಾನ್ ಶುರುವಾದರೆ ಮಿಕ್ಸರ್ ಹಚ್ಚಿದ ಹಾಗೆ. "ಇಷ್ಟು ಒದರತದಲ್ಲ, ಒಂದೀಟು ಚಟ್ನೀನರ ಅರದು ಕೊಡತದೇನು?" ಎಂದು ಕೇಳುತ್ತಿದ್ದರು.

ನಾನಾಗ ಪಾರ್ಕ್ ರಾಯಲ್‌ನ ತಿಂಡಿ ಫ್ಯಾಕ್ಟರಿಯಲ್ಲಿ ದಿನವಿಡೀ ಸಮೋಸದ ಆರ್ಡರ್ ಟೈಪ್ ಮಾಡುತ್ತಿದ್ದೆ. ಪಾಸಾದರೆ ಕ್ಯಾನರಿ ವಾರ್ಫ್‌ನ ಆಫೀಸೊಂದರಲ್ಲಿ ನೆಟ್‌ವರ್ಕ್ ಕೆಲಸ ಖಾತ್ರಿ. ಇಲ್ಲದಿದ್ದರೆ ಮತ್ತೆ ಸಮೋಸ. ನನಗೆ ಆ ಕೆಲಸ ಬೇಕೇ ಬೇಕಿತ್ತು.

ಪರೀಕ್ಷೆಯ ಹಿಂದಿನ ದಿನ ಖಂಡೇನವಮಿ, ಆಯುಧಪೂಜೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಗಂಡನ ಸ್ಟೆತೊಸ್ಕೋಪಿನ ಪಕ್ಕ ನನ್ನ ರೌಟರೂ ದಪ್ಪ ಪುಸ್ತಕವೂ ಪೂಜೆಗೆ ಕೂತಿದ್ದವು. ರೌಟರಿನ ಹಣೆಗೆ ವಿಭೂತಿ, ಕೇಬಲ್ ಚುಚ್ಚುವ ತೂತುಗಳಲ್ಲಿ ಚೆಂಡುಹೂವು.

"ಅತ್ತಿ, ನಾಳೆ ಮುಂಜಾನೆ ಪರೀಕ್ಷಾ ಅದ!"

"ನಾಳೆ ಮಧ್ಯಾಹ್ನ ನೈವೇದ್ಯ ಆದಮ್ಯಾಲೆ ತಗೋ. ಪೂಜಿಗಿಟ್ಟದ್ದು ನಡುವ ಮುಟ್ಟಬಾರದವಾ."

ಗಂಡನ ಮುಖ ನೋಡಿದೆ. ಆಸ್ಪತ್ರೆಯಲ್ಲಿ ಇಡೀ ವಾರ್ಡನ್ನು ನಡುಗಿಸುವ ಡಾಕ್ಟರು ಅವ್ವನ ಮುಂದೆ ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದರು. ಸ್ಟೆತೊಸ್ಕೋಪಿಲ್ಲದೆಯೇ ಡ್ಯೂಟಿಗೆ ಜಾರಿಕೊಂಡರು. ನಾನು ಸಿಟ್ಟನ್ನೆಲ್ಲ ಹೋಳಿಗೆಯ ಕಣಕದ ಮೇಲೆ ತೀರಿಸಿಕೊಂಡೆ. ಅಷ್ಟು ಮೆತ್ತಗಿನ ಕಣಕ ನಮ್ಮ ಮನೆಯಲ್ಲಿ ಮತ್ತೆ ಆಗಿಲ್ಲ.

"ಫೇಲಾದ್ರ ಏನಾಗತದ?" ಪಕ್ಕದಲ್ಲಿ ಹೂರಣ ರುಬ್ಬುತ್ತಿದ್ದ ಅತ್ತೆ ಕೇಳಿದರು.

"ಏನಿಲ್ಲ. ಸಮೋಸ," ಅಂದೆ. ಅಷ್ಟಂದವಳು ಅತ್ತುಬಿಟ್ಟೆ.

ಅತ್ತೆ ಕೈ ತೊಳೆದುಕೊಂಡು ಎದ್ದುಹೋದರು. ವಿಸರ್ಜನೆಗೆ ದೇವರನ್ನು ಕದಲಿಸುವಂತೆ ರೌಟರನ್ನು ಚೂರು ಸರಿಸಿದರು. ತೂತುಗಳೊಳಗಿನ ಹೂವುಗಳನ್ನು ಬಿಡಿಸಿ ತೆಗೆದು, ಅದನ್ನೂ ಪುಸ್ತಕವನ್ನೂ ತಾವೇ ಟೇಬಲ್ಲಿಗೆ ತಂದಿಟ್ಟರು.

"ನಾಳೆ ಮಧ್ಯಾಹ್ನ ಅಂದಿದ್ರಿ?"

"ನಾ ಸಾಲ್ಯಾಗ ಏಳನೇತ್ತಾ ಇದ್ದಾಗ ಹಿಂಗ ಪುಸ್ತಕ ಪೂಜಿಗೆ ಇಟ್ಟಿದ್ದೆ. ದಸರಾ ಮುಗೀತು, ಯಾರೂ ತಗದು ಕೊಡಲಿಲ್ಲ. ಕಾರ್ತೀಕದ ತುಳಸಿ ಲಗ್ನದ ಬೆನ್ನಿಗೇ ನಂದೂ ಲಗ್ನ ಮಾಡಿ ಕಳಿಸಿದ್ರು," ಅಂದರು. "ನೀ ಓದು. ಹೋಳಿಗಿ ನಾ ನೋಡ್ಕೋತೀನಿ."

ಅವರ ಮೇಲಿನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಆದರೆ ನನ್ನ ಕೈತುಂಬ ಕಣಕ.

ಮರುದಿನ ಪರೀಕ್ಷೆ ಮುಗಿಸಿ, ಕಂಪ್ಯೂಟರು ಅಲ್ಲೇ ತೋರಿಸಿದ ಫಲಿತಾಂಶ ನೋಡಿ ಹೊರಬಂದವಳೇ ಮನೆಗೆ ಫೋನ್ ಮಾಡಿದೆ. "ಅತ್ತಿ, ಪಾಸಾದೆ."

ಆ ಕಡೆ ಅವರು ಮಗನನ್ನು ಕೂಗಿ ಹೇಳಿದ್ದು ಕೇಳಿಸಿತು: "ಏ ತಮ್ಮಾ, ನಾವು ಪಾಸಾದಿವೋ!"